ನೀಲವ್ವ ಯಾವ ಅಂಗನವಾಡಿಯವಳು?

ಕಳೆದ ತಿಂಗಳು ನಮ್ಮ ಓಣಿಯ ಹುಡುಗಿಯೊಬ್ಬಳು ಮನೆಗೆ ಬಂದಿದ್ದಳು. ಅಂಗನವಾಡಿ ಮೇಲ್ವಿಚಾರಕಿಯಾಗಿ ಹೊಸದಾಗಿ ಆಯ್ಕೆಯಾಗಿದ್ದಾಳೆ. "ಅಕ್ಕೋರ, ಕೆಲಸ ಭಾಳ ಇರತೈತೇನ್ರಿ?" ಎಂದು ಕೇಳಿದಳು. "ಕೆಲಸಕ್ಕಿಂತ ಅಡ್ಡಾಟ ಭಾಳ ಇರತೈತವಾ" ಎಂದೆ. ನಕ್ಕು, ಚಹಾ ಕುಡಿದು ಹೋದಳು. ಹೋದ ಮೇಲೆ ಅನ್ನಿಸಿತು, ನಾನು ಪೂರ್ತಿ ಹೇಳಲಿಲ್ಲ ಎಂದು. ಅಡ್ಡಾಟ ಕಾಲಿಗೆ ಒಗ್ಗಿಹೋಗುತ್ತದೆ. ನಿವೃತ್ತಿಯ ದಿನದವರೆಗೂ ನನಗೆ ಒಗ್ಗದೆ ಉಳಿದದ್ದು, ಹಸಿದು ಬಾಗಿಲಲ್ಲಿ ನಿಂತ ಬಸುರಿಗೆ "ನೀ ನಮ್ಮ ಅಂಗನವಾಡಿಗೆ ಸೇರಿದಾಕಿ ಅಲ್ಲ" ಎಂದು ಹೇಳುವುದು. ಈ ಕೆಲಸಕ್ಕೆ ಬರುವವರಿಗೆ ಅದೊಂದನ್ನಾದರೂ ಹೇಳಿಡೋಣ ಎಂದು ಬರೆಯಲು ಕೂತಿದ್ದೇನೆ.

ನಾನು ಮೇಲ್ವಿಚಾರಕಿಯಾಗಿ ಸೇರಿದ್ದು ತೊಂಬತ್ತರ ದಶಕದ ಆರಂಭದಲ್ಲಿ. ಗರ್ಭಿಣಿಯರಿಗೆ, ಬಾಣಂತಿಯರಿಗೆ, ಸಣ್ಣ ಮಕ್ಕಳಿಗೆ ಸರಕಾರದ ಪೌಷ್ಟಿಕ ಆಹಾರ ಸರಿಯಾಗಿ ಸೇರುತ್ತದೋ ಇಲ್ಲವೋ ನೋಡುವುದು ನನ್ನ ಕೆಲಸ. ಮೊದಲು ಕೊಟ್ಟದ್ದು ಹುಬ್ಬಳ್ಳಿ ಹತ್ತಿರದ ಸುಳ್ಳ ಎಂಬ ಊರು ಮತ್ತು ಅದರ ಸುತ್ತಲಿನ ಹಳ್ಳಿಗಳು. ಬಸ್ಸು ಇಳಿದು ಎರೆಮಣ್ಣಿನ ದಾರಿಯಲ್ಲಿ ನಡೆಯಬೇಕು. ಮಳೆಗಾಲದಲ್ಲಿ ಚಪ್ಪಲಿ ಕೈಯಲ್ಲೇ ಇರುತ್ತಿತ್ತು.

ಆ ಕಾಲದಲ್ಲಿ ಚೀಲಗಟ್ಟಲೆ ಹಳದಿ ಹಿಟ್ಟು ಬರುತ್ತಿತ್ತು. ಬೇಯಿಸಿದರೆ ಅಂಬಲಿಯಂತಾಗುತ್ತಿತ್ತು, ರುಚಿ ಎನ್ನುವುದೇ ಇರಲಿಲ್ಲ. ಬಸುರಿಯರು ಸೆರಗಿನಲ್ಲಿ ಕಟ್ಟಿಕೊಂಡು ಹೋಗುತ್ತಿದ್ದರು. ಒಮ್ಮೆ ಬೆಂಗಳೂರಿನಿಂದ ಬಂದ ಅಧಿಕಾರಿಯೊಬ್ಬರು ಒಂದು ಮನೆಯ ಹಿತ್ತಲಿಗೆ ಹೋಗಿ ನೋಡಿದರೆ, ಎಮ್ಮೆಯ ಮುಂದಿನ ಬಾನಿಯಲ್ಲಿ ಅದೇ ಹಳದಿ ಹಿಟ್ಟು. ಅಧಿಕಾರಿ ಕೆಂಪಾದರು. ಆ ಮನೆಯ ಅಜ್ಜಿ ಮಾತ್ರ ಸ್ವಲ್ಪವೂ ಹೆದರಲಿಲ್ಲ.

"ಸಾಹೇಬ್ರ, ಸೊಸಿ ಇದನ್ನ ತಿಂದ್ರ ವಾಂತಿ ಮಾಡಕೋತಾಳ. ಎಮ್ಮಿ ತಿಂದ್ರ ಹಾಲು ಹೆಚ್ಚಿಗಿ ಕೊಡತೈತಿ. ಆ ಹಾಲು ಸೊಸಿಗೇ ಕೊಡತೇನಿ. ಸರಕಾರದ್ದು ಏನೂ ಹಾಳಾಗಿಲ್ಲರಿ" ಎಂದಳು.

ಅಧಿಕಾರಿ ಜೀಪು ಹತ್ತಿದರು. ಆಮೇಲೆ ಬೈಸಿಕೊಂಡವಳು ನಾನು. ನಾನೂ ಕಾರ್ಯಕರ್ತೆಯರೂ ಕೂಡಿ ಆ ಹಿಟ್ಟನ್ನು ಹುರಿದು, ಬೆಲ್ಲ ಹಾಕಿ ಉಂಡಿ ಕಟ್ಟಿ, ಕಣ್ಣೆದುರಿಗೇ ತಿನ್ನಿಸಲು ಶುರು ಮಾಡಿದೆವು. ಅಷ್ಟರಲ್ಲಿ ಇಲಾಖೆ ಹಿಟ್ಟನ್ನೇ ಬದಲಿಸಿತು. ನಮ್ಮಲ್ಲಿ ಹಾಗೆಯೇ. ಒಂದು ಪದ್ಧತಿ ಕೈಗೆ ಹತ್ತುವ ಹೊತ್ತಿಗೆ ಇನ್ನೊಂದು ಬಂದಿರುತ್ತದೆ.

ಆಮೇಲೆ ನನ್ನನ್ನು ಹುಬ್ಬಳ್ಳಿ ಶಹರಕ್ಕೆ ಹಾಕಿದರು. ಶಹರದಲ್ಲಿ ಅಡ್ಡಾಟ ಕಡಿಮೆಯಾದೀತು ಎಂದುಕೊಂಡಿದ್ದೆ. ಅಡ್ಡಾಟ ಕಡಿಮೆಯಾಯಿತು, ತಂಟೆ ಹೆಚ್ಚಾಯಿತು.

ಒಂದೊಂದು ಅಂಗನವಾಡಿಗೆ ಇಂತಿಷ್ಟು ಓಣಿ ಎಂದು ಗೊತ್ತುಮಾಡಿರುತ್ತಾರೆ. ಅದನ್ನು ನಾವು ಕ್ಷೇತ್ರ ಎನ್ನುತ್ತಿದ್ದೆವು. ಆ ಕ್ಷೇತ್ರದಲ್ಲಿ ಮನೆ ಇದ್ದವರು ಅರ್ಜಿ ಕೊಟ್ಟು ಹೆಸರು ಹಚ್ಚಿಸಬೇಕು, ಹಚ್ಚಿದ ಹೆಸರಿನಷ್ಟೇ ಆಹಾರ ಬರುತ್ತದೆ. ವಿದ್ಯಾನಗರದ ಬಂಗಲೆಗಳಿದ್ದ ಭಾಗ ಆಗ ಯಾವ ಕ್ಷೇತ್ರಕ್ಕೂ ಸೇರಿರಲಿಲ್ಲ. ಅಲ್ಲಿರುವವರು ಪ್ರಾಧ್ಯಾಪಕರು, ಡಾಕ್ಟರು, ವಕೀಲರು. ಅವರ ಮನೆಯ ಮಕ್ಕಳು ಅಂಗನವಾಡಿಗೆ ಯಾಕೆ ಬಂದಾರು ಎಂದು ಬಿಟ್ಟಿದ್ದರು. ಆ ಬಂಗಲೆಗಳನ್ನು ಕಟ್ಟುತ್ತಿದ್ದವರ ಮಕ್ಕಳನ್ನು ಯಾರೂ ಲೆಕ್ಕಕ್ಕೆ ಹಿಡಿದಿರಲಿಲ್ಲ.

ಅದರ ಪಕ್ಕದ ಓಣಿಯ ಅಂಗನವಾಡಿ ಮೆಹಬೂಬಿಯದು. ಮೆಹಬೂಬಿ ಅಂದರೆ ದಪ್ಪ ಧ್ವನಿಯ, ತೆಳ್ಳಗಿನ ಹೆಂಗಸು. ಗಂಡನದು ಸೈಕಲ್ ಪಂಕ್ಚರ್ ಅಂಗಡಿ. ಅವಳು ಒಂದು ಕೂಗು ಹಾಕಿದರೆ ಇಡೀ ಓಣಿಯ ಮಕ್ಕಳು ಮೂಗು ಒರೆಸಿಕೊಂಡು ಬಂದು ಸಾಲಾಗಿ ಕೂಡುತ್ತಿದ್ದವು. ಒಂದು ದಿನ ನಾನು ಹೋದಾಗ ಅವಳ ಮುಖ ಸಪ್ಪಗಿತ್ತು.

"ಅಕ್ಕೋರ, ಒಬ್ಬಾಕಿ ದಿನಾ ಬಂದು ಬಾಗಿಲದಾಗ ನಿಂದರತಾಳ್ರಿ. ಬಸುರಿ ಅದಾಳ. ಬಗಲಾಗ ಒಂದು ಹೆಣ್ಣುಕೂಸು. ನಮ್ಮ ಕ್ಷೇತ್ರದಾಕಿ ಅಲ್ಲ, ಕೊಡಾಕ ಬರೂದಿಲ್ಲ ಅಂದೆ. ಆತ್ರಿ ಅಂತಾಳ, ಮತ್ತ ಮರುದಿನಾ ಬರತಾಳ."

"ಏನಾದ್ರೂ ಕೊಟ್ಟೀಯೇನು?"

"ಉಳದದ್ದು ಕೊಡತೇನ್ರಿ. ಉಳೀಲಿಲ್ಲ ಅಂದ್ರ ಪಾತ್ರೆ ತೊಳ್ಯಾಕ ಹಿಂದ ಹೋಗಿ ಕುಂದರತೇನಿ. ಆಕಿ ಮಾರಿ ನೋಡಾಕ ಆಗೂದಿಲ್ಲ ನನಗ."

ಅವಳೇ ನೀಲವ್ವ. ರೋಣದ ಕಡೆಯವಳು. ಗಂಡ ಫಕೀರಪ್ಪ ಸೆಂಟ್ರಿಂಗ್ ಕೆಲಸದವನು. ಕಾಂಕ್ರೀಟು ಹಾಕುವ ಮುಂಚೆ ಹಲಗೆ, ತಗಡು ಕಟ್ಟುವ ಕೆಲಸ. ಒಬ್ಬ ನಿವೃತ್ತ ಪ್ರಾಧ್ಯಾಪಕರ ಮನೆ ಏಳುತ್ತಿದ್ದ ಜಾಗದಲ್ಲೇ ತಗಡಿನ ಶೆಡ್ಡು ಹಾಕಿಕೊಂಡಿದ್ದರು. ಸಿಮೆಂಟಿನ ಖಾಲಿ ಚೀಲಗಳೇ ಅದಕ್ಕೆ ಗೋಡೆ. ಮಗಳು ಗಂಗವ್ವನಿಗೆ ಎರಡು ವರ್ಷ ತುಂಬಿತ್ತು. ಕೂಸನ್ನು ತಕ್ಕಡಿಗೆ ಹಾಕಿದಾಗ ಮುಳ್ಳು ನಿಂತ ಜಾಗ ನೋಡಿ ನಾನೂ ಮೆಹಬೂಬಿಯೂ ಒಬ್ಬರ ಮುಖ ಒಬ್ಬರು ನೋಡಿದೆವು.

"ನಿಮ್ಮೂರಾಗ ಹೆಸರು ಹಚ್ಚಿಸೀಯೇನವಾ?" ಎಂದು ಕೇಳಿದೆ.

"ಅಲ್ಲೆ ಹಚ್ಚಾರ್ರಿ. ಅಲ್ಲೆ ಉಣ್ಣಾಕ ನಾ ಅಲ್ಲಿಲ್ಲಲ್ರಿ."

ಅರ್ಜಿಗೆ ವಾಸದ ಪುರಾವೆ ಬೇಕು. ರೇಶನ್ ಕಾರ್ಡು ಊರಲ್ಲಿತ್ತು, ಅತ್ತೆಯ ಹತ್ತಿರ. ಮನೆ ಕಟ್ಟಿಸುವವರು "ಇವರು ನಮ್ಮ ಜಾಗದಲ್ಲಿದ್ದಾರೆ" ಎಂದು ಬರೆದುಕೊಟ್ಟರೆ ಸಾಕು ಎಂದು ಪ್ರಾಧ್ಯಾಪಕರನ್ನು ಕಾಣಲು ಹೋದೆ. ಒಳ್ಳೆಯ ಮನುಷ್ಯ. ಆಗ ಬಾಡಿಗೆ ಮನೆಯಲ್ಲಿದ್ದರು. ಕೂಡಿಸಿ, ಹೆಂಡತಿಗೆ ಹೇಳಿ ಅವಲಕ್ಕಿ ತರಿಸಿದರು. ವಿಷಯ ಹೇಳಿದ ಕೂಡಲೇ ಕನ್ನಡಕ ತೆಗೆದು ಒರೆಸತೊಡಗಿದರು.

"ನೋಡ್ರಿ ಬಾಯಾರ, ಆ ಹುಡುಗಿ ಬಗ್ಗೆ ನನಗೂ ಮರುಕ ಇದ್ದದ್ದs. ಆದ್ರ ನಾ ಬರದು ಕೊಟ್ಟೆ ಅಂದ್ರ ಏನಾಗತದ? ನಾಳೆ ಅವರು ಇದs ನಮ್ಮ ವಿಳಾಸ ಅಂತ ಹೇಳಿ ಜಾಗಾ ಬಿಡಂಗಿಲ್ಲಂದ್ರ? ಜೀವಮಾನ ಎಲ್ಲಾ ಗಳಿಸಿದ್ದು ಇದೊಂದs ಅದ ನನಗ."

"ಊಟಕ್ಕ ಅಷ್ಟರಿ ಸರ್. ಬ್ಯಾರೆ ಯಾತಕ್ಕೂ ಅಲ್ಲ."

"ಸರಕಾರದ ಕಾಗದಾ ಯಾವುದಕ್ಕ ಹೋಗಿ ಮುಟ್ಟತದ ಅನ್ನೂದು ನಿಮಗ ಗೊತ್ತದ ಏನು?"

ಅವಲಕ್ಕಿ ಅರ್ಧ ತಿಂದು ಎದ್ದು ಬಂದೆ.

ನಮ್ಮ ಯೋಜನಾಧಿಕಾರಿ ಮೇಡಂ ಮಾತು ಕಡಿಮೆಯ ಹೆಂಗಸು. ಮೇಜಿನ ಮೇಲೆ ಯಾವಾಗಲೂ ಒಂದು ಶಾಲು, ತಲೆನೋವಿನ ಗುಳಿಗೆ. ನಾನು ಹೇಳಿದ್ದನ್ನೆಲ್ಲ ಕೇಳಿ, "ಮೇಲ್ವಿಚಾರಕಿ ಸ್ವತಃ ಹೋಗಿ ನೋಡಿ ಬರದ್ರ ಅದೂ ಪುರಾವೆನs. ನಿಯಮದಾಗ ಐತಿ. ಆದ್ರ ನಾಳೆ ಏನಾದ್ರೂ ಬಂತು ಅಂದ್ರ ನಿಮ್ಮ ಸಹಿ ಇರತೈತಿ, ನಂದಲ್ಲ" ಎಂದರು. ಗದರಿಸಿ ಹೇಳಿದ್ದಲ್ಲ. ಮಳೆ ಬಂದೀತು, ಛತ್ರಿ ಒಯ್ಯಿರಿ ಎನ್ನುವಂತೆ ಹೇಳಿದರು. ನಾನು ಸಹಿ ಹಾಕಿದೆ.

ನೀಲವ್ವನ ಹೆಸರು, ಗಂಗವ್ವನ ಹೆಸರು ಮೆಹಬೂಬಿಯ ಅಂಗನವಾಡಿಗೆ ಬಿದ್ದವು. ಕೆಲವು ತಿಂಗಳು ಎಲ್ಲ ಸರಿಯಾಗಿತ್ತು. ಗಂಗವ್ವ ಮೊದಲು ಯಾರನ್ನೂ ನೋಡದೆ ತಲೆ ತಗ್ಗಿಸಿಕೊಂಡು ಉಣ್ಣುತ್ತಿದ್ದಳು. ಆಮೇಲೆ ಪಕ್ಕದ ಹುಡುಗನ ತಟ್ಟೆಗೆ ಕೈ ಹಾಕುವಷ್ಟು ಜೋರಾದಳು. ಮೆಹಬೂಬಿ ಅವಳಿಗೆ ಬೈಯುತ್ತ ನಗುತ್ತಿದ್ದಳು. ತಕ್ಕಡಿಯ ಮುಳ್ಳು ಮೆಲ್ಲಗೆ ಮೇಲಕ್ಕೆ ಸರಿಯಿತು. ಈ ಕೆಲಸದಲ್ಲಿ ಸಂತೋಷ ಎಂದು ನಾನು ಕಂಡದ್ದು ಆ ಮುಳ್ಳು ಸರಿಯುವುದನ್ನೇ.

ಒಂದು ದಿನದಿಂದ ತಾಯಿ ಮಗಳು ಇಬ್ಬರೂ ಬರುವುದು ನಿಂತಿತು. ಮೆಹಬೂಬಿ ಹೋಗಿ ನೋಡಿದರೆ ಶೆಡ್ಡು ಇರಲಿಲ್ಲ. ಮನೆ ಮುಗಿದಿತ್ತು, ಫಕೀರಪ್ಪ ಬೇರೆ ಕಡೆ ಕೆಲಸ ಹಿಡಿದಿದ್ದ. ಹೆರಿಗೆಯ ದಿನ ಹತ್ತಿರವಿತ್ತು, ಊರಿಗೆ ಹೋಗಿರಬೇಕು, ಬಂದೇ ಬರುತ್ತಾಳೆ ಎಂದು ಮೆಹಬೂಬಿ ಅವಳ ಹೆಸರನ್ನು ಹಾಗೆಯೇ ಇಟ್ಟಳು. ನಾನೂ ತೆಗೆ ಎನ್ನಲಿಲ್ಲ. ಒಮ್ಮೆ ತೆಗೆದರೆ ಮತ್ತೆ ಹಚ್ಚುವುದು ಎಷ್ಟು ಕಷ್ಟ ಎಂದು ಇಬ್ಬರಿಗೂ ಗೊತ್ತಿತ್ತು.

ಆ ವಾರವೇ ಮೇಲಿನಿಂದ ಒಬ್ಬ ಸಾಹೇಬರು ತಪಾಸಣೆಗೆ ಬಂದರು. ಅಡಿಗೆ ನೋಡಿದರು, ಮಕ್ಕಳಿಂದ ಪದ್ಯ ಹೇಳಿಸಿದರು. ಆಮೇಲೆ ಹಾಜರಿ ಪುಸ್ತಕ ತಿರುವಿ, "ಈ ನೀಲವ್ವ ಅನ್ನಾಕಿ ಮನಿ ತೋರಸ್ರಿ" ಎಂದರು. ಶೆಡ್ಡಿಲ್ಲ, ಅವರು ಹೋಗಿದ್ದಾರೆ ಎಂದು ಹೇಳಿದರೂ ಕೇಳಲಿಲ್ಲ. ಅವರ ಹಿಂದೆ ನಾನು, ನನ್ನ ಹಿಂದೆ ಮೆಹಬೂಬಿ. ಹೊಸ ಮನೆಯ ಬಾಗಿಲಿಗೆ ಮಾವಿನ ತೋರಣ ಇನ್ನೂ ಹಸಿರಾಗಿತ್ತು. ಪ್ರಾಧ್ಯಾಪಕರೇ ಹೊರಗೆ ಬಂದರು.

"ಇಲ್ಲೆ ನೀಲವ್ವ ಅನ್ನೋರು ಇದ್ರೇನ್ರಿ?" ಸಾಹೇಬರು ಕೇಳಿದರು.

ಪ್ರಾಧ್ಯಾಪಕರು ನನ್ನನ್ನೊಮ್ಮೆ ನೋಡಿದರು. ಗುರುತು ಹತ್ತಿತ್ತು, ಅವರ ಕಣ್ಣಿನಲ್ಲೇ ಕಂಡಿತು. ಆಮೇಲೆ ಗೇಟಿನ ಚಿಲಕದ ಮೇಲೆ ಕೈ ಇಟ್ಟು, "ಇಲ್ರಿ. ಇದು ನಮ್ಮ ಮನಿ. ಇಲ್ಲೆ ಬ್ಯಾರೆ ಯಾರೂ ಇರಲಿಲ್ಲ" ಎಂದರು.

ತಿಂಗಳು ದಾಟಿದ ಮೇಲೆ ನೋಟಿಸು ಬಂತು. ಇಲ್ಲದ ಹೆಂಗಸಿನ ಹೆಸರು ಹಚ್ಚಿ ಆಹಾರ ತೆಗೆದಿದ್ದೀರಿ, ಯಾಕೆ ಕ್ರಮ ಕೈಗೊಳ್ಳಬಾರದು ಎಂದು. ನನಗೆ ಬಂದರೆ ಬರಲಿ, ನಾನು ಸರಕಾರಿ ನೌಕರಳು, ವಿಚಾರಣೆ ನಡೆಯಬೇಕು. ಮೆಹಬೂಬಿಯದು ಗೌರವಧನದ ಕೆಲಸ. ಅವಳನ್ನು ತೆಗೆಯಲು ಒಂದು ಸಾಲು ಸಾಕು. ನೋಟಿಸು ಓದಿ ಹೇಳಿದಾಗ ಅವಳ ಆ ದಪ್ಪ ಧ್ವನಿ ಎಲ್ಲಿ ಹೋಯಿತೋ ಏನೋ. "ನಾ ಏನ ತಿಂದೇನ್ರಿ ಅಕ್ಕೋರ?" ಎಂದಷ್ಟೇ ಕೇಳಿದಳು.

ಉಳಿದಿದ್ದ ದಾರಿ ಒಂದೇ. ನೀಲವ್ವ ಇದ್ದಾಳೆ ಎಂದು ತೋರಿಸಬೇಕು, ಅವಳನ್ನೇ ಕರೆತಂದು ನಿಲ್ಲಿಸಬೇಕು. ಇಬ್ಬರೂ ಹುಡುಕಲು ಹೊರಟೆವು. ಬೆಳಿಗ್ಗೆ ಕೂಲಿಯವರು ಕೆಲಸಕ್ಕೆ ಕಾದು ನಿಲ್ಲುವ ಕಡೆಗೆಲ್ಲ ಹೋಗಿ ಗಾರೆ ಕೆಲಸದ ಗೌಂಡಿಗಳನ್ನು ಕೇಳಿದೆವು. ಮೊದಮೊದಲು ಯಾರೂ ಬಾಯಿ ಬಿಡಲಿಲ್ಲ. ಕೈಯಲ್ಲಿ ಚೀಲ ಹಿಡಿದ ಹೆಂಗಸು ಹೆಸರು ಹಿಡಿದು ಕೇಳುತ್ತಾಳೆಂದರೆ ಏನೋ ತಕರಾರು ಎಂದೇ ಅವರ ಎಣಿಕೆ. ಕಡೆಗೆ ಒಬ್ಬ ವಯಸ್ಸಾದ ಗೌಂಡಿ, "ಸೆಂಟ್ರಿಂಗ್ ಫಕೀರಪ್ಪನ ಹೇಣತಿ ಏನ್ರಿ? ನವನಗರದ ಕಡೆ ಅಪಾರ್ಟ್‌ಮೆಂಟ್ ಏಳಾಕತ್ತೈತಲ್ರಿ, ಅಲ್ಲೆ ಅದಾರ" ಎಂದ.

ಧಾರವಾಡದ ಬಸ್ಸು ಹತ್ತಿ ಹೋಗಿ ಇಳಿದು ನಡೆದೆವು. ಮಧ್ಯಾಹ್ನದ ಬಿಸಿಲು. ಜಲ್ಲಿಯ ರಾಶಿಯ ಹಿಂದೆ ಶೆಡ್ಡುಗಳ ಸಾಲು. ಒಂದರ ಮುಂದೆ ನೀಲವ್ವ ಕೂತಿದ್ದಳು. ಊರಿಗೆ ಹೋಗಿರಲೇ ಇಲ್ಲ. ಹೆರಿಗೆ ಅಲ್ಲೇ ಆಗಿತ್ತು. ಮಡಿಲಲ್ಲಿ ಅಂಗೈಯಷ್ಟು ಮುಖದ ಗಂಡುಕೂಸು. ಗಂಗವ್ವ ಪಕ್ಕದಲ್ಲಿ ಮಲಗಿದ್ದಳು. ಅವಳ ಕಾಲು, ಮುಖ ಬಾತಿದ್ದವು. ತಿಳಿಯದವರು ನೋಡಿದರೆ ಮೈ ತುಂಬಿಕೊಂಡಿದ್ದಾಳೆ ಎನ್ನುತ್ತಿದ್ದರು. ಅದು ಹೊಟ್ಟೆಗೆ ಇಲ್ಲದೆ ಬರುವ ಬಾವು. ತರಬೇತಿಯಲ್ಲಿ ಚಿತ್ರ ತೋರಿಸಿದ್ದರು. ಚಿತ್ರದಲ್ಲಿ ಕೂಸು ನಮ್ಮ ಗುರುತಿನದಾಗಿರಲಿಲ್ಲ.

ನೀಲವ್ವ ನಮ್ಮನ್ನು ನೋಡಿದ ಕೂಡಲೇ ಅವಳ ಮುಖ ಅರಳಿತು.

"ಯವ್ವಾ, ಅಕ್ಕೋರು ಬಂದ್ರು! ಇಲ್ಲೀತನಕಾ ಹುಡಿಕ್ಕೊಂಡು ಬಂದ್ರೇನ್ರಿ?"

ಕೂಸನ್ನು ಚಾಪೆಯ ಮೇಲಿಟ್ಟು ಒಳಗೆ ಓಡಿದಳು. ಹೊರಗೆ ಬಂದಾಗ ಕೈಯಲ್ಲಿ ಬುಟ್ಟಿ ಇತ್ತು, ಇನ್ನೊಂದು ಕೈಯಲ್ಲಿ ತೊಳೆದ ಡಬ್ಬಿ. ಎರಡನ್ನೂ ನಮ್ಮ ಮುಂದೆ ಇಟ್ಟು ನಿಂತಳು. ನಾವು ಆಹಾರ ತಂದಿದ್ದೇವೆ ಎಂದು ತಿಳಿದಿದ್ದಳು.

ನನ್ನ ಚೀಲದಲ್ಲಿ ನೋಟಿಸು ಬಿಟ್ಟರೆ ಏನೂ ಇರಲಿಲ್ಲ.

ಮೆಹಬೂಬಿಯೇ ಮುಂದೆ ಹೋಗಿ ಗಂಗವ್ವನನ್ನು ಎತ್ತಿಕೊಂಡಳು. ಕಾಲಿನ ಬಾವನ್ನು ಬೆರಳಿನಿಂದ ಒತ್ತಿದಳು. ಒತ್ತಿದ ಜಾಗ ಕುಳಿಯಾಗಿ ಹಾಗೆಯೇ ನಿಂತಿತು. "ನೀಲವ್ವ, ಕೂಸಿನ್ನ ತಗೋ. ದವಾಖಾನಿಗೆ ನಡಿ, ಲಗೂ" ಎಂದಳು. ಸಿಕ್ಕ ಆಟೋದಲ್ಲಿ ಎಲ್ಲರೂ ಹುಬ್ಬಳ್ಳಿಯ ದೊಡ್ಡ ದವಾಖಾನೆಗೆ ಬಂದೆವು. ಡಾಕ್ಟರು ನೋಡಿ, ಇನ್ನೊಂದು ವಾರ ಬಿಟ್ಟಿದ್ದರೆ ಕಷ್ಟವಿತ್ತು ಎಂದರು. ಗಂಗವ್ವ ಹದಿನೈದು ಇಪ್ಪತ್ತು ದಿನ ಅಲ್ಲಿದ್ದಳು. ಬಾವು ಇಳಿದ ಮೇಲೆ ನಿಜವಾದ ಮೈ ಕಂಡಿತು, ಎಲುಬಿಗೆ ಬಟ್ಟೆ ಹೊದಿಸಿದಂತೆ. ಆದರೂ ಉಳಿದಳು. ಮೆಹಬೂಬಿ ದಿನಾ ಅಂಗನವಾಡಿ ಮುಗಿಸಿ ಅವಳಿಗೆ ಮೆತ್ತಗಿನ ಅನ್ನ, ಹಾಲು ಒಯ್ಯುತ್ತಿದ್ದಳು.

ಮಗು ಚೇತರಿಸಿಕೊಂಡ ಮೇಲೆ ನೀಲವ್ವನನ್ನು ಕಚೇರಿಗೆ ಕರೆದುಕೊಂಡು ಹೋದೆ. ನೋಟಿಸಿನ ವಿಷಯ ಹೇಳಿದಾಗ ಅವಳು ಹೆದರಿದ್ದಳು. "ನನ್ನ ಹೆಸರಿಂದ ಟೀಚರಿಗೆ ತ್ರಾಸ ಆಗಬಾರದ್ರಿ, ಬರತೇನಿ" ಎಂದು, ಇದ್ದುದರಲ್ಲಿ ಒಳ್ಳೆಯ ಸೀರೆ ಉಟ್ಟು, ಕೂಸನ್ನು ಎತ್ತಿಕೊಂಡು ಬಂದಳು.

ಸಾಹೇಬರು ಕೆಟ್ಟವರೇನಲ್ಲ. ಕುರ್ಚಿ ತೋರಿಸಿದರು. ನೀಲವ್ವ ಕೂಡಲಿಲ್ಲ.

"ನೀ ವಿದ್ಯಾನಗರದಾಗ ಇದ್ದದ್ದು ಖರೇನು?"

"ಹೌದ್ರಿ. ದೊಡ್ಡ ಮೀಸಿ ಸರ್ ಅದಾರಲ್ರಿ, ಅವರ ಮನಿ ಕಟ್ಟೂತನಕಾ ಇದ್ವಿರಿ. ಅವರ ದೇವರ ಮನಿ ಕಲ್ಲು ನಾನs ಹೊತ್ತೇನ್ರಿ."

"ಈಗ ಎಲ್ಲಿ ಇರತಿ?"

"ಎಲ್ಲೆ ಕಟ್ಟಡಾ ನಡದಿರತೈತಿ ಅಲ್ಲೆ ಇರತೇವ್ರಿ."

ಬಾವು ಇಳಿದ ಗಂಗವ್ವನ ವಿಷಯ ನಾನು ಹೇಳಿದೆ. ಕೇಳಿಸಿಕೊಂಡರು. ಆಮೇಲೆ ಬರೆದರು. ಫಲಾನುಭವಿ ಇರುವುದು ನಿಜ, ಕಾರ್ಯಕರ್ತೆಯ ಮತ್ತು ಮೇಲ್ವಿಚಾರಕಿಯ ಮೇಲಿನ ನೋಟಿಸು ಕೈಬಿಡಲಾಗಿದೆ. ನನ್ನ ಎದೆಯ ಭಾರ ಇಳಿಯಿತು. ಅವರ ಪೆನ್ನು ನಿಂತಿರಲಿಲ್ಲ. ಫಲಾನುಭವಿ ಈಗ ಕ್ಷೇತ್ರದಲ್ಲಿ ವಾಸವಿಲ್ಲದ್ದರಿಂದ ಅವಳ ಮತ್ತು ಮಗಳ ಹೆಸರನ್ನು ಕೂಡಲೇ ತೆಗೆಯತಕ್ಕದ್ದು.

"ಸಾಹೇಬ್ರ, ಈಕಿ ಮಗಳು ಈಗಷ್ಟs ದವಾಖಾನಿಯಿಂದ..." ಎಂದೆ.

"ಬಾಯಾರ, ನಾ ನಿಮ್ಮನ್ನ ಉಳಿಸಿದ್ದು ಯಾವ ನಿಯಮದ ಮ್ಯಾಲೆ? ಈಕಿ ಅಲ್ಲೆ ಇದ್ಲು, ಆಮ್ಯಾಲೆ ಹೋಗ್ಯಾಳ ಅನ್ನೂದರ ಮ್ಯಾಲೆ. ಅದನ್ನ ಒಪ್ಪಿ ಹೆಸರು ಹ್ಯಾಂಗ ಇಡಲಿ? ಈಗ ಇರೂ ಕಡೆ ಹೊಸದಾಗಿ ಅರ್ಜಿ ಹಾಕಸ್ರಿ."

ಮೆಟ್ಟಿಲು ಇಳಿಯುವಾಗ ನೀಲವ್ವ ಕೇಳಿದಳು, "ಅಕ್ಕೋರ, ನಿಮ್ಮ ಕೆಲಸ ಆತೇನ್ರಿ?"

"ಆತವಾ."

"ಟೀಚರದು?"

"ಆಕಿದೂ ಆತು."

ಎರಡು ಮೆಟ್ಟಿಲು ಇಳಿದಳು. "ಹಂಗಾರ ನಂದ್ರಿ?"

ಇಷ್ಟು ವರ್ಷದ ನೌಕರಿಯಲ್ಲಿ ಬಹಳ ಜನ ಬಹಳ ಪ್ರಶ್ನೆ ಕೇಳಿದ್ದಾರೆ, ವಿಧಾನಸಭೆಯ ಪ್ರಶ್ನೆಗೂ ಉತ್ತರ ತಯಾರಿಸಿದ್ದೇನೆ. ಆ ಮೆಟ್ಟಿಲ ಮೇಲೆ ನಿಂತಾಗ ಆದಷ್ಟು ಆಯಾಸ ನನಗೆ ಮತ್ತೆಂದೂ ಆಗಲಿಲ್ಲ.

ನವನಗರದ ಕಡೆಯ ಅಂಗನವಾಡಿ ಇನ್ನೊಬ್ಬ ಮೇಲ್ವಿಚಾರಕಿಗೆ ಸೇರಿತ್ತು. ಅವಳಿಗೆ ವಿಷಯ ಹೇಳಿ ಅರ್ಜಿ ಹಾಕಿಸಿದೆ. ಅವಳೂ ನಾನು ಕೇಳಿದ್ದನ್ನೇ ಕೇಳಿದಳು: ಎಲ್ಲಿಯವಳು, ಕಾರ್ಡು ಎಲ್ಲಿದೆ, ಎಷ್ಟು ದಿನ ಇರುತ್ತಾಳೆ. ತಪ್ಪೇನಿಲ್ಲ, ನನ್ನ ನೋಟಿಸಿನ ಸುದ್ದಿ ಅವಳಿಗೂ ಮುಟ್ಟಿತ್ತು. ಯಾರು ತಾನೇ ಕುತ್ತಿಗೆ ಕೊಡುತ್ತಾರೆ? ಮಂಜೂರಾಗುವವರೆಗೆ ಅಲ್ಲಿನ ಕಾರ್ಯಕರ್ತೆ ತನ್ನ ಜವಾಬ್ದಾರಿಯ ಮೇಲೆ ಮಕ್ಕಳ ಜೊತೆ ಗಂಗವ್ವನನ್ನೂ ಕೂಡಿಸಿಕೊಂಡಳು. ಕಡೆಗೆ ಮಂಜೂರೂ ಆಯಿತು. ಆ ಅಪಾರ್ಟ್‌ಮೆಂಟು ದೊಡ್ಡದಿತ್ತು, ಕಟ್ಟಲು ಬಹಳ ಕಾಲ ಹಿಡಿಯಿತು. ಅದೇ ನೀಲವ್ವನ ಪುಣ್ಯ. ಗಂಡುಕೂಸು ಅಲ್ಲೇ ಅಂಬೆಗಾಲಿಟ್ಟಿತು. ಆ ಕಡೆ ಹೋದಾಗಲೆಲ್ಲ ನಾನು ಕಟ್ಟಡವನ್ನು ನೋಡುತ್ತಿದ್ದೆ. ಇನ್ನೊಂದು ಮಜಲು ಏಳಲಿ ಎಂದುಕೊಳ್ಳುತ್ತಿದ್ದೆ. ಒಂದು ಸಲ ಹೋದಾಗ ಸುಣ್ಣ ಬಣ್ಣ ಆಗಿತ್ತು. ಬಾಲ್ಕನಿಗಳಲ್ಲಿ ಬಟ್ಟೆ ಒಣಗುತ್ತಿದ್ದವು. ಫಕೀರಪ್ಪ ಗೋವಾದ ಕಡೆ ಹೋದನೆಂದು ವಾಚಮನ್ ಹೇಳಿದ. ಆ ನಾಲ್ವರನ್ನು ಮತ್ತೆ ನಾನು ಕಾಣಲಿಲ್ಲ.

ಎರಡು ಸಾವಿರದ ಇಸವಿ ದಾಟಿ ಕೆಲವು ವರ್ಷಗಳ ಮೇಲೆ ಒಂದು ಸುತ್ತೋಲೆ ಬಂತು. ವಲಸೆ ಬಂದ ಗರ್ಭಿಣಿಯರಿಗೆ, ಮಕ್ಕಳಿಗೆ ಅವರು ಇರುವ ಕಡೆಯ ಅಂಗನವಾಡಿಯಲ್ಲೇ ಆಹಾರ ಕೊಡಬೇಕು, ವಾಸದ ಪುರಾವೆ ಕೇಳಿ ವಾಪಸು ಕಳಿಸಬಾರದು ಎಂದು. ತಿಂಗಳ ಸಭೆಯಲ್ಲಿ ಅದನ್ನು ನಾನೇ ಕಾರ್ಯಕರ್ತೆಯರಿಗೆ ಓದಿ ಹೇಳಿದೆ. ಬಹಳ ಜನ ಆಗಲೇ ಕೈಚೀಲ ಹುಡುಕುತ್ತಿದ್ದರು, ಬಸ್ಸಿನ ಹೊತ್ತಾಗಿತ್ತು. ಹಿಂದಿನ ಸಾಲಿನಲ್ಲಿ ಮೆಹಬೂಬಿ ಎದ್ದು ನಿಂತಳು. ತಲೆ ಅಷ್ಟೊತ್ತಿಗೆ ನರೆತಿತ್ತು.

"ಅಕ್ಕೋರ, ಇದು ಹಿಂದಿನವರಿಗೂ ಹತ್ತತೈತೇನ್ರಿ?"

ಹೊಸ ಹುಡುಗಿಯರು ನಕ್ಕರು. ನಾನು ಕಾಗದವನ್ನು ಮತ್ತೊಮ್ಮೆ ನೋಡಿದೆ. ನೋಡುವಂಥದ್ದು ಅದರಲ್ಲಿ ಏನೂ ಇರಲಿಲ್ಲ.

"ಇಲ್ಲ ಮೆಹಬೂಬಿ. ಇವತ್ತಿನಿಂದ."

"ಆತ್ರಿ" ಎಂದು ಅವಳು ಕೂತಳು.

ಮರುದಿನ ಬೆಳಿಗ್ಗೆ ಇಬ್ಬರೂ ಕೂಡಿ ವಿದ್ಯಾನಗರದಲ್ಲಿ ಹೊಸದಾಗಿ ಏಳುತ್ತಿದ್ದ ಕಟ್ಟಡದ ಶೆಡ್ಡುಗಳ ಕಡೆ ಹೋದೆವು. ಒಬ್ಬ ಬಸುರಿ ಇಟ್ಟಿಗೆಗೆ ನೀರು ಹಾಕುತ್ತಿದ್ದಳು. ಮೆಹಬೂಬಿ ಅವಳ ಹೆಸರು ಕೇಳಿದಳು. ಆ ಹೆಂಗಸು ಪೈಪು ಕೆಳಗಿಟ್ಟು, ಹೆದರಿ, "ನಮ್ಮ ಕಡೆ ಯಾವ ಕಾಗದಾನೂ ಇಲ್ರಿ" ಎಂದಳು.

"ಕಾಗದಾ ಯಾರು ಕೇಳ್ಯಾರ?" ಎಂದು ಮೆಹಬೂಬಿ ಜೋರಾಗಿ ಗದರಿದಳು. "ಹೆಸರು ಹೇಳವಾ, ಸಾಕು."